ಬೆಂದ ಕಾಳೂ ಬೇಗೂರಿನ ಕಲ್ಲೂ

ಮಗಳಿಗೆ ವರ ನೋಡುವ ತಂದೆತಾಯಿಗಳಷ್ಟು ಶ್ರದ್ಧೆಯುಳ್ಳ ಇತಿಹಾಸ ಸಂಶೋಧಕರು ಲೋಕದಲ್ಲಿ ಬೇರೆ ಇರಲಾರರು. ಹುಡುಗನ ರೂಪು, ಓದು, ಸಂಬಳ ಇವೆಲ್ಲ ಇಂದಿನ ಸಂಗತಿಗಳು. ಅಷ್ಟರಿಂದ ಅವರಿಗೆ ತೃಪ್ತಿಯಿಲ್ಲ. ಹುಡುಗನ ಅಜ್ಜ ಯಾವ ಊರಿನವರು, ಏನು ಮಾಡಿಕೊಂಡಿದ್ದರು, ಆಸ್ತಿ ಪಾಲಾದಾಗ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದರೇ, ಚಿಕ್ಕಪ್ಪನೊಬ್ಬ ಮನೆ ಬಿಟ್ಟು ಹೋದನಂತೆ, ಅದೇಕೆ ಹೋದ—ಹೀಗೆ ಮೂರು ತಲೆಮಾರಿನ ಹಿಂದಕ್ಕೆ ಹೋಗಿ ಕೆದಕುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ತಾಳೆ ನೋಡುತ್ತಾರೆ. ಹೇಳಿದವನಿಗೆ ಆ ಮನೆತನದ ಮೇಲೆ ಹಳೆಯ ದ್ವೇಷವುಂಟೇ ಎಂಬುದನ್ನೂ ತೂಗಿ ನೋಡುತ್ತಾರೆ. ವಿಶ್ವವಿದ್ಯಾನಿಲಯಗಳಲ್ಲಿ ಕಲಿಸುವ ಸಂಶೋಧನೆಯ ಸೂತ್ರಗಳೆಲ್ಲ ಈ ವಿಚಾರಣೆಯಲ್ಲಿ ಅಡಗಿವೆ. ಆಧಾರವಿಲ್ಲದೆ ನಂಬಬಾರದು, ಒಂದೇ ಆಧಾರವನ್ನು ನೆಚ್ಚಬಾರದು, ಆಧಾರ ಕೊಟ್ಟವನು ಯಾರೆಂಬುದನ್ನು ಮರೆಯಬಾರದು.

ನಿವೇಶನ ಕೊಳ್ಳುವ ಗೃಹಸ್ಥನೂ ಹೀಗೆಯೇ. ಮಾರುವವನ ಮುಖಲಕ್ಷಣವನ್ನು ಕಂಡು ಯಾರೂ ಹಣ ಎಣಿಸುವುದಿಲ್ಲ. ಮೂಲಪತ್ರ ಎಲ್ಲಿ, ವಂಶವೃಕ್ಷ ಎಲ್ಲಿ, ಭೂಮಿ ಮೊದಲು ಯಾರ ಹೆಸರಿನಲ್ಲಿತ್ತು, ಯಾರಿಂದ ಯಾರಿಗೆ ಬಂತು ಎಂದು ಕೇಳುತ್ತಾನೆ. ಜನ ‘ಇ.ಸಿ.’ ಎಂದು ಕರೆಯುವ ಋಣಭಾರ ಪ್ರಮಾಣಪತ್ರವನ್ನು ಮೂವತ್ತು ವರ್ಷಗಳ ಹಿಂದಿನಿಂದ ತೆಗೆಸಿ ವಕೀಲರ ಮುಂದೆ ಇಡುತ್ತಾನೆ. ಇಂದು ಕೊಡುವ ಹಣ ನಾಳೆ ನೀರುಪಾಲಾಗದಿರಬೇಕಾದರೆ ನಿನ್ನೆ ನಡೆದುದು ತಿಳಿದಿರಬೇಕು ಎಂಬ ವಿವೇಕ ಅವನಿಗೆ ಯಾರೂ ಹೇಳಿಕೊಡದೆ ಬಂದಿದೆ.

ಇಂಥ ಗೃಹಸ್ಥನ ಮಗ ತಾನು ಕಾಲೇಜಿನಲ್ಲಿ ಇತಿಹಾಸವನ್ನು ಓದುವೆನೆಂದು ಹೇಳಿದರೆ ಮಾತ್ರ ಮನೆಯಲ್ಲಿ ಮೌನ ಕವಿಯುತ್ತದೆ. ‘ಸತ್ತವರ ಲೆಕ್ಕ ಇಟ್ಟುಕೊಂಡು ಬದುಕಿರುವವರಿಗೆ ಆಗಬೇಕಾದದ್ದೇನು?’ ಎಂದು ತಂದೆ ಕೇಳುತ್ತಾನೆ. ಕುಲದ ಇತಿಹಾಸ ಬೇಕು, ನಿವೇಶನದ ಇತಿಹಾಸ ಬೇಕು. ಊರಿನ ಇತಿಹಾಸ ಮಾತ್ರ ಬೇಡ. ಆದರೂ ಆ ತಂದೆಯ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ‘ಇತಿಹಾಸವು ಮಾನವಕೋಟಿಗೆ ದಾರಿದೀಪ’ ಎಂಬ ಪ್ರಬಂಧದ ಪುಸ್ತಕದ ವಾಕ್ಯದಿಂದ ಅವನಿಗೆ ಸಮಾಧಾನವಾಗದು, ಆಗಲೂ ಬಾರದು. ದೀಪ ಎಲ್ಲಿ, ದಾರಿ ಯಾವುದು ಎಂಬುದನ್ನು ಒಂದು ಊರಿನ ಉದಾಹರಣೆಯಿಂದ ತೋರಿಸಿದರೆ ಅವನು ಕೇಳಿಯಾನು. ಬೆಂಗಳೂರಿಗಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ.

ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂದು ಎರಡನೆಯ ತರಗತಿಯ ಮಗುವನ್ನು ಕೇಳಿದರೂ ಉತ್ತರ ಸಿದ್ಧವಾಗಿದೆ. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಗೆ ಬಂದು ದಾರಿ ತಪ್ಪಿದನಂತೆ. ಹಸಿದು ಬಳಲಿ ಒಂದು ಗುಡಿಸಲಿನ ಬಾಗಿಲಿಗೆ ಬಂದನಂತೆ. ಅಲ್ಲಿದ್ದ ಮುದುಕಿ ತನ್ನಲ್ಲಿದ್ದ ಬೆಂದ ಕಾಳನ್ನು ಬಡಿಸಿದಳಂತೆ. ದೊರೆ ಸಂತೋಷಪಟ್ಟು ಆ ಊರನ್ನು ‘ಬೆಂದಕಾಳೂರು’ ಎಂದು ಕರೆದನಂತೆ. ಕತೆ ಸೊಗಸಾಗಿದೆ. ದೊರೆಯ ಹಸಿವು, ಬಡವಿಯ ಔದಾರ್ಯ, ಉಪಕಾರಸ್ಮರಣೆ ಇವು ಮೂರೂ ಒಂದೇ ಕಡೆ ದೊರೆಯುವ ಕತೆಗಳು ವಿರಳ. ಅವರೆಕಾಳಿನ ಕಾಲದಲ್ಲಿ ಬೆಂಗಳೂರಿನ ಮನೆಗಳಿಂದ ಹೊಮ್ಮುವ ಪರಿಮಳವನ್ನು ಬಲ್ಲವರಿಗಂತೂ ಇದನ್ನು ನಂಬದಿರುವುದು ಕಷ್ಟ.

ಆದರೆ ನಗರದ ದಕ್ಷಿಣಕ್ಕೆ ಬೇಗೂರಿನಲ್ಲಿ, ನಾಗೇಶ್ವರನ ಗುಡಿಯ ಆವರಣದಲ್ಲಿ, ಒಂದು ವೀರಗಲ್ಲು ಇದೆ. ಗಂಗ ಅರಸರ ಅಧಿಕಾರಿಯಾಗಿದ್ದ ನಾಗತ್ತರನ ಕಡೆಯವನೊಬ್ಬ ‘ಬೆಂಗಳೂರ ಕಾಳಗ’ದಲ್ಲಿ ಹೋರಾಡಿ ಮಡಿದನೆಂದು ಅದು ಹಳಗನ್ನಡದಲ್ಲಿ ಹೇಳುತ್ತದೆ. ಕಲ್ಲಿನ ಕಾಲ ಕ್ರಿ. ಶ. ಸುಮಾರು 890. ಕತೆಯ ನಾಯಕನೆಂದು ಸಾಮಾನ್ಯವಾಗಿ ಹೇಳುವ ಇಮ್ಮಡಿ ವೀರಬಲ್ಲಾಳ ಆಳಿದ್ದು ಹನ್ನೆರಡನೆಯ ಶತಮಾನದ ಕೊನೆಗೆ ಮತ್ತು ಹದಿಮೂರನೆಯ ಶತಮಾನದ ಮೊದಲಿಗೆ. ಎಂದರೆ ದೊರೆಗೆ ಹಸಿವಾಗುವುದಕ್ಕೆ ಮುನ್ನೂರು ವರ್ಷಗಳ ಹಿಂದೆಯೇ ಬೆಂಗಳೂರು ಬೆಂಗಳೂರಾಗಿತ್ತು. ಅದಕ್ಕಾಗಿ ಪ್ರಾಣ ಬಿಡುವ ಜನರೂ ಇದ್ದರು.

ಈ ಕಲ್ಲು ತಾನಾಗಿ ಮಾತನಾಡಲಿಲ್ಲ. ಶತಮಾನಗಳ ಕಾಲ ಜನ ಅದರ ಪಕ್ಕದಲ್ಲಿ ಓಡಾಡಿದರು. ಕೆತ್ತನೆಯ ವೀರನಿಗೆ ಕುಂಕುಮವಿಟ್ಟವರೂ ಇರಬಹುದು, ಒರಗಿಕೊಂಡು ಎಲೆಅಡಿಕೆ ಹಾಕಿದವರೂ ಇರಬಹುದು. ಅದನ್ನು ಓದಲು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ಬರಬೇಕಾಯಿತು. ಆ ಇಲಾಖೆಯ ಮುಖ್ಯಸ್ಥರಾಗಿದ್ದ, ‘ಕರ್ಣಾಟಕ ಕವಿಚರಿತೆ’ಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು ಇದನ್ನು ವಿದ್ವತ್‌ಲೋಕದ ಗಮನಕ್ಕೆ ತಂದರು. ಅವರಿಗಿಂತ ಮೊದಲು, ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಸಂಸ್ಥಾನದ ಊರೂರು ಹುಡುಕಿಸಿ, 1886ರಿಂದ 1905ರವರೆಗೆ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದ್ದರು.

ಈ ಕೆಲಸ ನಡೆಯುವ ಬಗೆಯನ್ನು ತಿಳಿದರೆ ಸಂಶೋಧನೆ ಎಂಬ ದೊಡ್ಡ ಮಾತಿನ ಹಿಂದಿರುವ ದುಡಿಮೆಯ ಪರಿಚಯವಾದೀತು. ಮೊದಲು ಕಲ್ಲನ್ನು ತೊಳೆದು ಪಾಚಿ ತೆಗೆಯಬೇಕು. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ತಗ್ಗಿನೊಳಕ್ಕೆ ಇಳಿಯುವಂತೆ ಕುಂಚದಿಂದ ಬಡಿಯಬೇಕು. ಮೇಲೆ ಮಸಿಯನ್ನು ಒತ್ತಿದರೆ ಅಕ್ಷರಗಳು ಬೆಳ್ಳಗೆ ಉಳಿದು ಉಳಿದ ಭಾಗ ಕಪ್ಪಾಗುತ್ತದೆ. ಆ ಪಡಿಯಚ್ಚನ್ನು ಎದುರಿಗಿಟ್ಟುಕೊಂಡು ವಿದ್ವಾಂಸನು ದಿನಗಟ್ಟಲೆ ಕೂರುತ್ತಾನೆ. ಲಿಪಿಯ ರೂಪ ಯಾವ ಶತಮಾನದ್ದು, ಹೆಸರಿಸಿದ ಅರಸನು ಬೇರೆ ಶಾಸನಗಳಲ್ಲಿ ಎಲ್ಲಿ ಬರುತ್ತಾನೆ, ಒಡೆದುಹೋದ ಮೂಲೆಯಲ್ಲಿ ಎಷ್ಟು ಅಕ್ಷರಗಳಿಗೆ ಎಡೆಯಿತ್ತು ಎಂದು ಲೆಕ್ಕ ಹಾಕುತ್ತಾನೆ. ಒಂದು ಅಕ್ಷರ ತಪ್ಪಾಗಿ ಓದಿದರೆ ಒಂದು ಊರೇ ಬೇರೆಯಾದೀತು. ಅವನಿಗೆ ಬಹುಮಾನವಾಗಿ ದೊರೆಯುವುದು ಸಾಮಾನ್ಯವಾಗಿ ಇನ್ನೊಬ್ಬ ವಿದ್ವಾಂಸನ ಆಕ್ಷೇಪಣೆ.

‘ಆಗಲಿ, ಊರಿನ ಹೆಸರು ಮುನ್ನೂರು ವರ್ಷ ಹಿಂದಕ್ಕೆ ಹೋಯಿತು. ಅದರಿಂದ ನಲ್ಲಿಯಲ್ಲಿ ನೀರು ಬಂದೀತೆ?’ ಎಂದು ಗೃಹಸ್ಥನು ಮತ್ತೆ ಕೇಳಬಹುದು. ಅವನು ಹಾಸ್ಯಕ್ಕಾಗಿ ಎತ್ತಿದ ನೀರಿನ ಮಾತೇ ಅವನನ್ನು ಕಲ್ಲುಗಳ ಬಳಿಗೆ ಕರೆದೊಯ್ಯುತ್ತದೆ.

ಹೆಚ್ಚುಕಡಿಮೆ ಅದೇ ಕಾಲದ, ಎಂದರೆ ಸುಮಾರು 870ರ, ಇನ್ನೊಂದು ಶಾಸನ ಬೆಂಗಳೂರಿನ ಅಗರದ್ದು. ಹೊರವರ್ತುಲ ರಸ್ತೆಯಲ್ಲಿ ಕಚೇರಿಗೆ ಹೋಗುವವರಿಗೆ ಅಗರವೆಂದರೆ ಕೆಂಪು ದೀಪ, ಮೇಲುಸೇತುವೆ, ನಿಂತ ವಾಹನಗಳ ಸಾಲು. ಶಾಸನದ ಅಗರ ಬೇರೆ. ಅಲ್ಲಿ ಒಬ್ಬ ಅಧಿಕಾರಿ ಎರಡು ಕೆರೆಗಳಿಗೆ ತೂಬು ಇಡಿಸಿ, ಮತ್ತೊಂದು ಕೆರೆಯನ್ನು ಹೊಸದಾಗಿ ಕಟ್ಟಿಸಿದ. ಅದಕ್ಕಾಗಿ ಅವನಿಗೆ ಆ ಕೆರೆಗಳ ‘ಬಿತ್ತುವಟ್ಟ’ ದೊರೆಯಿತು. ಕೆರೆಯ ನೀರುಂಡು ಬೆಳೆಯುವ ಭೂಮಿಯಲ್ಲಿ ಅದನ್ನು ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಸಲ್ಲುವ ಪಾಲಿಗೆ ಬಿತ್ತುವಟ್ಟವೆಂದು ಹೆಸರು. ಇಂಥ ಮಾತು ಆ ಕಾಲದ ಅನೇಕ ಶಾಸನಗಳಲ್ಲಿ ಮರಳಿ ಮರಳಿ ಬರುತ್ತದೆ. ಯುದ್ಧದಲ್ಲಿ ಸತ್ತವನಿಗೆ ಕಲ್ಲು ನೆಟ್ಟ ಜನರೇ ಕೆರೆಗೆ ತೂಬು ಇಟ್ಟವನಿಗೂ ಕಲ್ಲು ನೆಟ್ಟರು.

ಏಕೆ ಹೀಗೆ? ಕಾರಣ ನೆಲದಲ್ಲಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ದಿಣ್ಣೆಯ ಮೇಲಿನ ಊರು. ವರ್ಷವಿಡೀ ಹರಿಯುವ ನದಿ ಅದರ ಪಕ್ಕದಲ್ಲಿಲ್ಲ. ಬಿದ್ದ ಮಳೆಯ ಒಂದು ಪಾಲು ಪಶ್ಚಿಮಕ್ಕೆ ಇಳಿದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಉಳಿದುದು ಕೋರಮಂಗಲ-ಚಲ್ಲಘಟ್ಟದ ಕಣಿವೆ ಮತ್ತು ಹೆಬ್ಬಾಳದ ಕಣಿವೆಗಳಲ್ಲಿ ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಮಳೆ ನಿಂತ ಮರುಗಳಿಗೆ ನೀರು ಊರು ಬಿಟ್ಟು ಹೊರಡುತ್ತದೆ. ಅದನ್ನು ಅಲ್ಲಲ್ಲಿ ತಡೆದು ನಿಲ್ಲಿಸಿದರೆ ಮಾತ್ರ ಬೇಸಾಯ, ಬಾವಿ, ಬದುಕು.

ಹೀಗಾಗಿ ಪ್ರತಿ ಕಣಿವೆಯಲ್ಲಿಯೂ ಮೆಟ್ಟಲು ಮೆಟ್ಟಲಾಗಿ ಕೆರೆಗಳು ಹುಟ್ಟಿದವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುವುದು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ. ಏರಿ ಬಿರುಕು ಬಿಟ್ಟಿತೇ, ಹೂಳು ತುಂಬಿತೇ, ಇಂದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಲು ನೀರಗಂಟಿ ಇದ್ದ. ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದಾಗ ಧರ್ಮಾಂಬುಧಿ, ಕೆಂಪಾಂಬುಧಿಗಳಂಥ ಕೆರೆಗಳನ್ನು ಅದರೊಡನೆ ಹೆಣೆದರು. ಊರಿನ ಕೆರೆಗಳೆಲ್ಲವೂ ಅವರಿಂದಲೇ ಆದವೆಂಬ ನಂಬಿಕೆ ಜನರಲ್ಲಿದೆ. ಅಗರದ ಕಲ್ಲನ್ನು ಓದಿದವರಿಗೆ ಅವರು ಆರುನೂರೈವತ್ತು ವರ್ಷಗಳ ಹಳೆಯ ವಿದ್ಯೆಯೊಂದರ ಸಮರ್ಥ ವಾರಸುದಾರರಾಗಿ ಕಾಣುತ್ತಾರೆ. ಇದರಿಂದ ಅವರ ಕೀರ್ತಿಗೆ ಕುಂದೇನೂ ಇಲ್ಲ. ನೆಲವನ್ನು ಓದಿ ಊರು ಕಟ್ಟಿದವರೆಂಬ ಗೌರವ ಸಣ್ಣದಲ್ಲ.

ಹಾಗಾದರೆ ಸಾವಿರ ವರ್ಷ ಉಳಿದು ಬಂದ ಏರ್ಪಾಡು ನೂರು ವರ್ಷದಲ್ಲಿ ಕೆಟ್ಟುದು ಹೇಗೆ? ‘ಜನ ದುರಾಶೆಗೆ ಬಿದ್ದರು’ ಎಂದು ಹೇಳಿಬಿಡುವುದು ಸುಲಭ. ಆದರೆ ಮನುಷ್ಯನ ಆಶೆ ಗಂಗರ ಕಾಲದಲ್ಲಿಯೂ ಇದ್ದಿತು. ಕಡತಗಳನ್ನು ಬಿಚ್ಚಿ ನೋಡಿದರೆ ದೊರೆಯುವ ಕಾರಣ ಅಷ್ಟು ಸರಳವಲ್ಲ, ಅಷ್ಟು ದುಷ್ಟವೂ ಅಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಕೆರೆಗಳು ಬತ್ತಿದವು. ಬೆಳೆಯುತ್ತಿದ್ದ ಊರಿಗೆ ಅವುಗಳ ನೀರು ಸಾಲದೆಯೂ ಹೋಯಿತು, ಕೊಳಕೂ ಆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಕೊಳವೆಯ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಮೇಲಕ್ಕೆತ್ತಿ ತಂದ ನೀರು! ಅದು ನಿಜವಾಗಿಯೂ ಉಪಕಾರ. ಅದನ್ನು ತಂದವರು ನಮಸ್ಕಾರಕ್ಕೆ ಯೋಗ್ಯರು.

ಆದರೆ ಮನೆಯೊಳಗೆ ನಲ್ಲಿ ಬಂದ ದಿನ ಕೆರೆಯ ಕಡೆಗಿನ ದೃಷ್ಟಿ ಬದಲಾಯಿತು. ನಿನ್ನೆಯವರೆಗೆ ಅದು ಕುಡಿಯುವ ನೀರು. ಇಂದು ಸೊಳ್ಳೆಯ ತವರು. ನಿನ್ನೆ ಅದರ ಅಂಗಳ ಮುಟ್ಟಬಾರದ ನೆಲ. ಇಂದು ಊರ ನಡುವೆ ಖಾಲಿ ಬಿದ್ದಿರುವ ಜಾಗ. ನೀರಗಂಟಿಗೆ ಕೆಲಸವಿಲ್ಲ, ಹೂಳೆತ್ತುವವರಿಲ್ಲ, ಕಾಲುವೆ ಎಲ್ಲಿ ಹರಿಯುತ್ತಿತ್ತೆಂದು ನೆನಪಿಡುವವರೂ ಇಲ್ಲ. ಧರ್ಮಾಂಬುಧಿ ಬತ್ತಿದ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ಮಳೆ ಜೋರಾದಾಗ ಆ ಪ್ರದೇಶದಲ್ಲಿ ನೀರು ನಿಂತರೆ ಪ್ರಯಾಣಿಕರು ಪ್ಯಾಂಟು ಮಡಿಚಿಕೊಂಡು ಅಚ್ಚರಿಪಡುತ್ತಾರೆ. ನೀರಿಗೆ ಅಚ್ಚರಿಯಿಲ್ಲ, ಅದು ತನ್ನ ಹಳೆಯ ಮನೆಗೆ ಬಂದಿದೆ.

ಸಂಪಂಗಿ ಕೆರೆಯ ಕತೆ ಇನ್ನೂ ಅರ್ಥವತ್ತಾದುದು. ಅದರ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗ ಸಂಶೋಧಕರು ಹಳೆಯ ನಕಾಶೆಗಳನ್ನೂ ಕಚೇರಿಯ ಪತ್ರಗಳನ್ನೂ ಕೂಡಿಸಿ, ಆ ಕೆರೆ ಕ್ರೀಡಾಂಗಣವಾದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸಿದ್ದಾರೆ. ಒಂದೇ ರಾತ್ರಿಯಲ್ಲಿ ಯಾರೂ ಕೆರೆಯನ್ನು ಕದಿಯಲಿಲ್ಲ. ಕೆರೆಯ ನೀರಿನಿಂದ ತರಕಾರಿ ಬೆಳೆಯುತ್ತಿದ್ದ ತೋಟಗಾರರಿಗೆ ಕೆರೆ ತುಂಬಿರಬೇಕಾಗಿತ್ತು. ಅಂಚಿನ ಬಂಗಲೆಗಳಲ್ಲಿದ್ದವರಿಗೆ ಕೆರೆ ತುಂಬಿದರೆ ಹೂದೋಟಕ್ಕೆ ಅಪಾಯ. ಇಬ್ಬರೂ ಸರ್ಕಾರಕ್ಕೆ ಅರ್ಜಿ ಬರೆದರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಆದರೆ ಅರ್ಜಿಗಳ ತೂಕ ಒಂದೇ ಆಗಿರಲಿಲ್ಲ. ವರ್ಷಗಳು ಉರುಳಿದಂತೆ ತೋಟಗಾರನ ಮಾತು ಹಿಂದೆ ಬಿತ್ತು, ಕೆರೆ ಕಿರಿದಾಯಿತು, ಕೊನೆಗೆ ನೆಲವಾಯಿತು. ಯಾರ ಅವಶ್ಯಕತೆಯನ್ನು ಊರಿನ ಅವಶ್ಯಕತೆಯೆಂದು ಎಣಿಸಲಾಯಿತು, ಯಾರದನ್ನು ಕಡತದೊಳಗೆ ಬಿಡಲಾಯಿತು ಎಂಬುದು ಹಾಳೆ ಹಾಳೆಯನ್ನು ತಿರುವಿದವರಿಗಷ್ಟೇ ಕಾಣುವ ಸಂಗತಿ.

ಇಷ್ಟು ತಿಳಿದ ಮೇಲೆ ಈಚಿನ ಕೆಲವು ವರ್ಷಗಳನ್ನು ನೋಡಬೇಕು. 2016ರ ಆಗಸ್ಟಿನಲ್ಲಿ, ರಾಜಕಾಲುವೆಯ ಮೇಲೆ ಕಟ್ಟಿದವೆಂದು ಬೆಂಗಳೂರಿನ ಹಲವು ಮನೆಗಳನ್ನು ಯಂತ್ರಗಳಿಂದ ಕೆಡವಲಾಯಿತು. ಕೆಡವಲು ಬಂದವರ ಕೈಯಲ್ಲಿದ್ದುದು ಹಳೆಯ ಗ್ರಾಮ ನಕಾಶೆ. ಮನೆಯವರ ಕೈಯಲ್ಲಿ ಕ್ರಯಪತ್ರವಿತ್ತು, ಖಾತೆಯಿತ್ತು, ತೆರಿಗೆಯ ರಸೀತಿಯಿತ್ತು, ಬ್ಯಾಂಕಿನ ಸಾಲವಿನ್ನೂ ತೀರಿರಲಿಲ್ಲ. ಹೆತ್ತವರ ಒಡವೆ, ಹೆಂಡತಿಯ ಉಳಿತಾಯ, ಇಪ್ಪತ್ತು ವರ್ಷದ ಕಂತು ಇವೆಲ್ಲ ಸೇರಿ ಎದ್ದ ಗೋಡೆ ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟಿಗೆಯ ರಾಶಿ. ಮೂವತ್ತು ವರ್ಷದ ಕಾಗದ ಚೊಕ್ಕಟವಾಗಿತ್ತು. ಅದಕ್ಕಿಂತ ಹಿಂದಿನ ನಕಾಶೆ ಬೇರೆ ಹೇಳುತ್ತಿತ್ತು. ಗೃಹಸ್ಥನು ಇತಿಹಾಸವನ್ನು ನೋಡಲಿಲ್ಲವೆಂದಲ್ಲ, ಎಲ್ಲಿಯವರೆಗೆ ನೋಡಬೇಕೆಂದು ಅವನಿಗೆ ಹೇಳಿದವರಿರಲಿಲ್ಲ. ಹೇಳಬೇಕಾದವರು ಅನುಮತಿಯ ಮುದ್ರೆ ಒತ್ತಿ ಕೊಟ್ಟಿದ್ದರು.

2022ರ ಆಗಸ್ಟ್ ಕೊನೆಯಲ್ಲಿಯೂ ಸೆಪ್ಟೆಂಬರಿನಲ್ಲಿಯೂ ಸುರಿದ ಮಳೆಗೆ ಬೆಳ್ಳಂದೂರಿನ ಸುತ್ತಣ ಬಡಾವಣೆಗಳು, ಹೊರವರ್ತುಲ ರಸ್ತೆ ಮುಳುಗಿದವು. ದೊಡ್ಡ ಸಂಬಳದವರು ಟ್ರ್ಯಾಕ್ಟರಿನಲ್ಲಿ ನಿಂತು ಕಚೇರಿಗೆ ಹೋದರು; ಮುದುಕರನ್ನು ದೋಣಿಯಲ್ಲಿ ಕರೆತಂದರು. ಹಗಲುಗೂಲಿಯವರ ಗುಡಿಸಲುಗಳಲ್ಲಿ ನೆನೆದ ಅಕ್ಕಿಯ ಚಿತ್ರ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಎರಡೇ ವರ್ಷಕ್ಕೆ, 2024ರ ಬೇಸಿಗೆಯಲ್ಲಿ, ಅದೇ ಊರಿನಲ್ಲಿ ಕೊಳವೆಬಾವಿಗಳು ಬತ್ತಿ ನೀರಿನ ಟ್ಯಾಂಕರಿಗೆ ಜನ ಕೊಡ ಹಿಡಿದು ಸಾಲು ನಿಂತರು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ನೀರು ಬಂತು. ಒಂದು ವರ್ಷ ಮುಳುಗುವ, ಇನ್ನೊಂದು ವರ್ಷ ಬಾಯಾರುವ ಊರಿಗೆ ಎರಡು ಬೇರೆ ರೋಗಗಳಿವೆಯೆಂದು ತೋರುವುದು ಸಹಜ. ಅಗರದ ಕಲ್ಲನ್ನೂ ಕಣಿವೆಗಳ ನಕಾಶೆಯನ್ನೂ ಒಟ್ಟಿಗಿಟ್ಟು ನೋಡಿದವರಿಗೆ ರೋಗ ಬಹುಮಟ್ಟಿಗೆ ಒಂದೇ. ಮಳೆ ಬಂದಾಗ ನಿಲ್ಲಲು ನೀರಿಗೆ ಎಡೆಯಿಲ್ಲ. ನಿಲ್ಲದ ನೀರು ನೆಲಕ್ಕೆ ಇಂಗುವುದಿಲ್ಲ.

ಇಷ್ಟರಿಂದ ಹಿಂದಿನದೆಲ್ಲ ಬಂಗಾರ, ಇಂದಿನದೆಲ್ಲ ಹಿತ್ತಾಳೆ ಎಂದು ತೀರ್ಮಾನಿಸುವವರೂ ಇದ್ದಾರೆ. ಇತಿಹಾಸ ಸಂಶೋಧನೆ ಅವರ ಉತ್ಸಾಹಕ್ಕೂ ಲಗಾಮು ಹಾಕುತ್ತದೆ. ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳನ್ನು, ಮರದ ನೆರಳನ್ನು ಕಂಡು ‘ಹಿಂದಿನವರ ಸೌಂದರ್ಯದೃಷ್ಟಿ’ಯನ್ನು ಹೊಗಳುವುದು ವಾಡಿಕೆ. ಆ ಬಡಾವಣೆಗಳ ಯೋಚನೆ ಮೊದಲೇ ಇದ್ದರೂ, ಜನ ಅಲ್ಲಿಗೆ ತ್ವರೆಯಿಂದ ಹೋಗುವಂತೆ ಮಾಡಿದ್ದು 1898ರ ಪ್ಲೇಗು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಸಾವು ಮನೆಯಿಂದ ಮನೆಗೆ ದಾಟಿತು. ಗಾಳಿ ಬೆಳಕು ಬೇಕೆಂಬ ಅರಿವು ಭಯದ ಮೂಲಕ ಬಂತು. ಪ್ಲೇಗಿನ ಮಾರಮ್ಮನ ಗುಡಿಗಳು ಆ ಭಯದ ಗುರುತಾಗಿ ಉಳಿದಿವೆ. 2020ರಲ್ಲಿ ಕೊರೋನಾ ಬಂದು ಬಾಗಿಲು ಮುಚ್ಚಿ ಕುಳಿತಾಗ, ಅಜ್ಜಿಯರು ಹೇಳುತ್ತಿದ್ದ ‘ಊರು ಬಿಟ್ಟು ಬಯಲಿಗೆ ಹೋದ’ ಕತೆಗಳ ಅರ್ಥ ಮೊಮ್ಮಕ್ಕಳಿಗೆ ತಿಳಿಯಿತು.

ಅದೇ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳಿವೆ. ಮಕ್ಕಳು ಅಲ್ಲಿ ಕ್ರಿಕೆಟ್ ಆಡಿದ್ದಾರೆ. ಕೆಲವರು ಅಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ಮಲ ಹೊರುವ ಜನ ಮುಂಬಾಗಿಲಿಗೆ ಬಾರದಂತೆ, ಹಿಂದಿನಿಂದ ಬಂದು ಹಿಂದಿನಿಂದ ಹೋಗಲೆಂದು ಮಾಡಿದ ದಾರಿ ಅದು. 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ಮುಂದಿನ ಬೀದಿಯ ಅಂದ ಎಷ್ಟು ನಿಜವೋ ಹಿಂದಿನ ಓಣಿಯ ನಾಚಿಕೆಯೂ ಅಷ್ಟೇ ನಿಜ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಚ್ಚಿಡುವುದು ಇತಿಹಾಸವಲ್ಲ, ವಧೂವರರ ಜಾಹೀರಾತು. ಇಂದು ಮ್ಯಾನ್‌ಹೋಲಿಗೆ ಇಳಿದು ಪ್ರಾಣ ಬಿಡುವವನ ಸುದ್ದಿಯನ್ನು ಓದುವಾಗ ಆ ಓಣಿ ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆಯೆಂಬುದು ಹೊಳೆಯಬೇಕು.

ತನಗೆ ಬೇಕಾದ ಉತ್ತರವನ್ನು ಮೊದಲೇ ಕಿಸೆಯಲ್ಲಿಟ್ಟುಕೊಂಡು ಕಲ್ಲು ಹುಡುಕಲು ಹೊರಡುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ತಮ್ಮ ಪೂರ್ವಜರು ದೊರೆಗಳಾಗಿದ್ದರು, ಎದುರುಮನೆಯವರ ಪೂರ್ವಜರು ದ್ರೋಹಿಗಳಾಗಿದ್ದರು ಎಂದು ಸಿದ್ಧವಾಗುವವರೆಗೆ ಅವರಿಗೆ ನಿದ್ರೆಯಿಲ್ಲ. ನಿಜವಾದ ಸಂಶೋಧಕನ ಗುರುತು, ತನಗೆ ಇಷ್ಟವಿಲ್ಲದ ಆಧಾರ ಸಿಕ್ಕಾಗ ಅವನೇನು ಮಾಡುತ್ತಾನೆ ಎಂಬುದರಲ್ಲಿದೆ. ಅವನು ಅದನ್ನೂ ಪ್ರಕಟಿಸುತ್ತಾನೆ.

ಹಾಗೆಂದು ದಂತಕತೆಗಳನ್ನು ಮನೆಯಿಂದ ಹೊರಗೆ ಹಾಕಬೇಕಾಗಿಲ್ಲ. ಕೆರೆಯಲ್ಲಿ ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ‘ಕೆರೆಗೆ ಹಾರ’ದ ಕಥನಗೀತೆಯನ್ನು ಕನ್ನಡಿಗರೆಲ್ಲ ಬಲ್ಲರು. ಯಾವ ಊರಿನ ಯಾವ ಕೆರೆಯಲ್ಲಿ ಆ ಹೆಣ್ಣು ಮುಳುಗಿದಳೆಂಬುದಕ್ಕೆ ಅದು ಸಾಕ್ಷಿಯಾಗಲಾರದು. ಕಟ್ಟಿದ ಕೆರೆ ತುಂಬದೆ ಹೋದರೆ ಊರಿಗೆ ಎಂಥ ಭೀತಿ ಆವರಿಸುತ್ತಿತ್ತು, ಆ ಭೀತಿಯ ಬೆಲೆಯನ್ನು ಮನೆಯಲ್ಲಿ ಯಾರು ತೆರುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೆಂದಕಾಳಿನ ಮುದುಕಿಯೂ ಹಾಗೆಯೇ. ಊರಿನ ಹೆಸರಿನ ವಿಷಯದಲ್ಲಿ ಅವಳ ಮಾತು ನಿಲ್ಲದು. ತಮ್ಮ ಊರಿನ ಮೊದಲ ಗುರುತು ಹಸಿದವನಿಗೆ ಅನ್ನವಿಕ್ಕಿದ್ದಾಗಿರಲಿ ಎಂದು ಜನ ಬಯಸಿದರೆಂಬ ವಿಷಯದಲ್ಲಿ ಅವಳು ಸತ್ಯವಂತೆ. ಬೇಗೂರಿನ ಕಲ್ಲು ಅವಳನ್ನು ಹೊರಗಟ್ಟಲಿಲ್ಲ, ಅವಳಿಗೆ ಸಲ್ಲುವ ಪೀಠವನ್ನು ತೋರಿಸಿತು.

ಕಲ್ಲುಗಳಿಗಾದರೂ ಆಯುಷ್ಯ ಅಪಾರವಲ್ಲ. ರೈಸ್ ಅವರ ಕಾಲದಲ್ಲಿ ಓದಿದ ಶಾಸನಗಳಲ್ಲಿ ಅನೇಕವು ಇಂದು ಇದ್ದ ಸ್ಥಳದಲ್ಲಿಲ್ಲ. ರಸ್ತೆಯ ಅಡಿಯಲ್ಲಿ, ಪಾಯದ ಒಳಗೆ, ಗೋಡೆಯ ನಡುವೆ ಸೇರಿಹೋಗಿವೆ. ಮರೆವಿನಿಂದ ಮರಳಿ ಬಂದವೂ ಉಂಟು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಒಂದು ವೀರಗಲ್ಲು ಕ್ರಿ. ಶ. ಸುಮಾರು 750ರದು; ತನ್ನ ನಾಡಿಗಾಗಿ ಹೋರಾಡಿ ಮಡಿದ ಕಿತ್ತಯ್ಯನೆಂಬವನ ಹೆಸರು ಅದರಲ್ಲಿದೆ. ಆ ಬಡಾವಣೆಯ ನಿವಾಸಿಗಳು, ಎಂದರೆ ಸಂಜೆ ಕಚೇರಿಯಿಂದ ಬಂದು ಕಾಫಿ ಕುಡಿಯುವ ಸಾಮಾನ್ಯ ಗೃಹಸ್ಥರು, ಮುಂದೆ ನಿಂತು ಅದನ್ನು ಉಳಿಸಿಕೊಂಡರು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಇಂಥ ಕಲ್ಲುಗಳನ್ನು ಹುಡುಕಿ, ಪ್ರತಿ ಅಕ್ಷರದ ತಗ್ಗು ಉಬ್ಬುಗಳೂ ಉಳಿಯುವಂತೆ ಯಂತ್ರದಿಂದ ಮೂರು ಆಯಾಮಗಳಲ್ಲಿ ಬಿಂಬ ತೆಗೆದು ಇಡುತ್ತಿದೆ. ಒದ್ದೆ ಕಾಗದ, ಕುಂಚಗಳ ಕೆಲಸವನ್ನು ಈಗ ಬೆಳಕಿನ ಕಿರಣ ಮಾಡುತ್ತದೆ. ಓದುವವನ ತಾಳ್ಮೆಗೆ ಮಾತ್ರ ಇನ್ನೂ ಯಂತ್ರ ಬಂದಿಲ್ಲ.

ಗೃಹಸ್ಥನ ಪ್ರಶ್ನೆಗೆ ಉತ್ತರ ಇಷ್ಟು ಹೊತ್ತಿಗೆ ಅವನಿಗೇ ಹೊಳೆದಿರಬಹುದು. ಇಂದು ಎಂಬುದು ಆಕಾಶದಿಂದ ಇಳಿದು ಬಂದದ್ದಲ್ಲ. ಅದರಲ್ಲಿ ಕೆಲವು ಅಂಶ ನೆಲದ ಇಳಿಜಾರಿನಂತೆ ಮನುಷ್ಯನ ಮಾತು ಕೇಳದವು. ಅವಕ್ಕೆ ತಗ್ಗಿ ನಡೆಯಬೇಕು. ಕೆಲವು ಅಂಶ ಯಾರೋ ಒಮ್ಮೆ ಕಚೇರಿಯಲ್ಲಿ ಕುಳಿತು ಮಾಡಿದ 'ಆಗಬಹುದು' ಎಂಬ ರುಜುವಿನ ಫಲ. ಅವನ್ನು ಇನ್ನೊಂದು ರುಜುವಿನಿಂದ ತಿದ್ದಬಹುದು. ಯಾವುದು ಇಳಿಜಾರು, ಯಾವುದು ರುಜು ಎಂಬುದನ್ನು ಬೇರ್ಪಡಿಸಿ ಹೇಳಬಲ್ಲ ವಿದ್ಯೆ ಇತಿಹಾಸ ಸಂಶೋಧನೆ. ಆ ವಿವೇಕವಿಲ್ಲದ ಊರು ನೀರಿನೊಡನೆ ಜಗಳವಾಡುತ್ತದೆ, ರುಜುವಿಗೆ ಕೈಮುಗಿಯುತ್ತದೆ.

ಪ್ರತಿ ಚೈತ್ರದಲ್ಲಿ ಬೆಂಗಳೂರಿನ ಕರಗ ನಡೆಯುತ್ತದೆ. ಅದನ್ನು ನಡೆಸಿಕೊಂಡು ಬಂದವರು ತಿಗಳರು. ಊರಿಗೆ ಹೂವು ತರಕಾರಿ ಬೆಳೆದುಕೊಟ್ಟ ತೋಟಗಾರರ ಸಮುದಾಯ. ಕ್ರೀಡಾಂಗಣದ ಪಕ್ಕದಲ್ಲಿ ಸಂಪಂಗಿ ಕೆರೆಯ ಗುರುತಾಗಿ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಕರಗದ ವಿಧಿಗಳಿಗಾಗಿ ಅವರು ಇಂದಿಗೂ ಆ ಕೊಳದ ಬಳಿಗೆ ಬರುತ್ತಾರೆ. ವಾಹನಗಳನ್ನು ತಡೆದು ದಾರಿ ಬಿಡಿಸುವ ಪೋಲೀಸಿನವನಿಗೂ, ಬಾಲ್ಕನಿಯಿಂದ ಇಣುಕಿ ನೋಡುವ ಮಗುವಿಗೂ, ಇಷ್ಟು ಜನ ಇಷ್ಟು ಚಿಕ್ಕ ನೀರಿಗೆ ಏಕೆ ನಡೆದು ಬರುತ್ತಾರೆಂದು ತಿಳಿಯದು. ಮಗು ತಂದೆಯನ್ನು ಕೇಳುತ್ತದೆ. ಅದಕ್ಕೆ ಕೊಡಬೇಕಾದ ಉತ್ತರ ಹಳೆಯ ನಕಾಶೆಯೊಂದರಲ್ಲಿ ನೀಲಿ ಬಣ್ಣದಲ್ಲಿ ಬರೆದಿದೆ. ತಂದೆ ಅದನ್ನು ಬಿಡಿಸಿ ನೋಡಿದ್ದರೆ ಹೇಳಿಯಾನು.